ಗಡಿ ಕಾವಲಿನ ಡ್ರೋನ್: ಕಂಡದ್ದೆಷ್ಟು, ಹಿಡಿದದ್ದೆಷ್ಟು?

ಗಡಿಯ ಮೇಲೆ ಡ್ರೋನ್ ಹಾರಿಸಿದರೆ ನುಸುಳುವಿಕೆ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಾನವರಹಿತ ವಿಮಾನಗಳ ನೆಲ ನಿಯಂತ್ರಣ ಕೇಂದ್ರಗಳ ಕೆಲಸದಲ್ಲಿರುವ ನಾನು ಈ ಮಾತು ಬಂದಾಗಲೆಲ್ಲ ಅಮೆರಿಕ–ಮೆಕ್ಸಿಕೊ ಗಡಿಯ ಕಡೆಗೆ ಬೊಟ್ಟು ಮಾಡುತ್ತೇನೆ. ಸುಮಾರು 3,100 ಕಿ.ಮೀ. ಉದ್ದದ ಆ ಗಡಿಯಲ್ಲಿ 2005ರಿಂದಲೇ ದೊಡ್ಡ ಡ್ರೋನ್‌ಗಳು ಗಸ್ತು ತಿರುಗುತ್ತಿವೆ, ಅವುಗಳ ಲೆಕ್ಕಪತ್ರವೂ ಬಹಿರಂಗವಾಗಿದೆ.

ಅಲ್ಲಿ ಬಳಸುವ ಪ್ರಿಡೇಟರ್-ಬಿ ಒಮ್ಮೆ ಮೇಲೇರಿದರೆ 20 ಗಂಟೆಯಾದರೂ ಹಾರಬಲ್ಲದು. ಸಿಬ್ಬಂದಿ ನೆಲದ ಮೇಲಿರುವುದರಿಂದ ಪಾಳಿ ಬದಲಾಯಿಸಿದರೆ ಸಾಕು. ಹೆಲಿಕಾಪ್ಟರ್ ಕೆಲವೇ ಗಂಟೆಗಳಲ್ಲಿ ಇಂಧನಕ್ಕೆ ಮರಳಬೇಕಾಗುತ್ತದೆ, ಆದರೆ ಬೇಕಾದಲ್ಲಿ ಇಳಿದು ಜನರನ್ನು ತಡೆಯುವ ಶಕ್ತಿ ಅದಕ್ಕಿದೆ, ಡ್ರೋನಿಗಿಲ್ಲ. ಡ್ರೋನಿನ ಕ್ಯಾಮೆರಾ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವಾಗ ಅದಕ್ಕೆ ಕಾಣುವುದು ನೆಲದ ಒಂದು ಚಿಕ್ಕ ತುಣುಕು ಮಾತ್ರ. ಆದ್ದರಿಂದ ಮೊದಲು ರಾಡಾರ್ ವಿಶಾಲ ಪ್ರದೇಶದಲ್ಲಿ ಚಲನೆಯನ್ನು ಗುರುತಿಸಬೇಕು, ಆಮೇಲೆ ಕ್ಯಾಮೆರಾ ತಿರುಗಿಸಿ ಅದು ಮೇಯುವ ದನವೋ ನಡೆದು ಬರುತ್ತಿರುವ ಮನುಷ್ಯರ ಗುಂಪೋ ಎಂದು ನೋಡಬೇಕು, ಕೊನೆಗೆ ಗಸ್ತು ವಾಹನ ಅಲ್ಲಿಗೆ ಹೋಗಿ ಮುಟ್ಟಬೇಕು.

ಪೈಲಟ್ ವಿಮಾನದಲ್ಲಿಲ್ಲ ಎಂದ ಮಾತ್ರಕ್ಕೆ ಮನುಷ್ಯನ ತಪ್ಪಿಗೆ ಅವಕಾಶ ಕಡಿಮೆಯಾಗುವುದಿಲ್ಲ. 2006ರ ಏಪ್ರಿಲ್ 25ರ ನಸುಕಿನಲ್ಲಿ ಅರಿಜೋನಾದ ನೊಗಾಲೆಸ್ ಬಳಿ ಪ್ರಿಡೇಟರ್-ಬಿ ಒಂದು ನೆಲಕ್ಕಪ್ಪಳಿಸಿದ ಪ್ರಕರಣವನ್ನು ನಮ್ಮ ಕೆಲಸದವರು ಒಮ್ಮೆಯಾದರೂ ಓದಬೇಕು. ಅದರ ನೆಲ ನಿಯಂತ್ರಣ ಕೇಂದ್ರದಲ್ಲಿ ಅಕ್ಕಪಕ್ಕದಲ್ಲಿ ಎರಡು ನಿಯಂತ್ರಣ ಮೇಜುಗಳು, ಅಂದರೆ ಕನ್ಸೋಲ್‌ಗಳಿದ್ದವು, ಒಂದು ಪೈಲಟ್‌ನದು, ಇನ್ನೊಂದು ಕ್ಯಾಮೆರಾ ನೋಡಿಕೊಳ್ಳುವವರದು. ಪೈಲಟ್‌ನ ಕನ್ಸೋಲ್ ಸ್ತಬ್ಧವಾದಾಗ ಅವರು ನಿಯಂತ್ರಣವನ್ನು ಎರಡನೆಯದಕ್ಕೆ ವರ್ಗಾಯಿಸಿದರು. ಕ್ಯಾಮೆರಾ ಕೆಲಸದಲ್ಲಿ ಬೆಳಕಿನ ದ್ವಾರವನ್ನು ಹಿಗ್ಗಿಸಿ ಕುಗ್ಗಿಸುವ ಲಿವರ್ ಪೈಲಟ್ ಕೆಲಸದಲ್ಲಿ ಇಂಜಿನ್ನಿನ ಇಂಧನವನ್ನು ನಿಯಂತ್ರಿಸುತ್ತದೆ, ಮತ್ತು ಆ ಹೊತ್ತಿಗೆ ಅದು ಇಂಧನ ಮುಚ್ಚುವ ಸ್ಥಾನದಲ್ಲಿತ್ತು. ಎರಡೂ ಕನ್ಸೋಲ್‌ಗಳ ಲಿವರ್‌ಗಳನ್ನು ಮೊದಲು ಹೊಂದಿಸಬೇಕೆಂದು ಚೆಕ್‌ಲಿಸ್ಟ್‌ನಲ್ಲಿದ್ದರೂ ಅದನ್ನು ಪಾಲಿಸಲಿಲ್ಲ, ಇಂಜಿನ್ ನಿಂತಿತು. ವಿಮಾನ ಎತ್ತರ ಕಳೆದುಕೊಳ್ಳುತ್ತಿರುವುದನ್ನು ಕಂಡ ಪೈಲಟ್, ಸಂಪರ್ಕ ತಪ್ಪಿದರೆ ಅದು ತಾನೇ ಮೇಲೇರಿ ನಿಗದಿತ ಪಥದಲ್ಲಿ ಸುತ್ತುತ್ತದೆಂಬ ಲೆಕ್ಕದಲ್ಲಿ ವಿಮಾನಕ್ಕೆ ಸಂಕೇತ ಕಳಿಸುವ ನೆಲದ ಪ್ರಸಾರಕವನ್ನೇ ಬಂದ್ ಮಾಡಿದರು. ಇಂಜಿನ್ನೇ ನಡೆಯದಿರುವಾಗ ಮೇಲೇರುವುದೆಲ್ಲಿಂದ? ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ತನಿಖೆ ಚೆಕ್‌ಲಿಸ್ಟ್ ಲೋಪವನ್ನು ಮುಖ್ಯ ಕಾರಣವೆಂದು ಹೇಳಿತಾದರೂ, ಒಂದೇ ಹಿಡಿಕೆಗೆ ಇಂಥ ಎರಡು ಅರ್ಥ ಕೊಟ್ಟ ವಿನ್ಯಾಸದ ಪಾಲೂ ಅದರಲ್ಲಿ ಸಣ್ಣದಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಖರ್ಚು. ಅಮೆರಿಕದ ಗೃಹಭದ್ರತಾ ಇಲಾಖೆಯ ಆಂತರಿಕ ತಪಾಸಣಾ ಕಚೇರಿ ಈ ಯೋಜನೆಯ ಬಗ್ಗೆ ನೀಡಿದ ವರದಿ 2015ರ ಜನವರಿಯಲ್ಲಿ ಹೊರಬಂತು. ಗಡಿ ರಕ್ಷಣಾ ಸಂಸ್ಥೆ ಹಾರಾಟದ ಪ್ರತಿ ಗಂಟೆಗೆ 2,468 ಡಾಲರ್ ಎಂದಿದ್ದರೆ, ಪೈಲಟ್‌ಗಳ ಸಂಬಳ ಮತ್ತು ಉಪಕರಣ ಮೊದಲಾದವನ್ನೂ ಸೇರಿಸಿದ ತಪಾಸಕರಿಗೆ ಸಿಕ್ಕಿದ್ದು 12,255 ಡಾಲರ್. 2013ರ ಆರ್ಥಿಕ ವರ್ಷದಲ್ಲಿ ಉದ್ದೇಶಿತ 23,296 ಗಂಟೆಗಳ ಪೈಕಿ ಹಾರಿದ್ದು 5,102 ಗಂಟೆ ಮಾತ್ರ. ಅರಿಜೋನಾದ ಟಕ್ಸನ್ ವಲಯದಲ್ಲಿ ಆ ವರ್ಷ ಸೆರೆಸಿಕ್ಕ 1,20,939 ಜನರಲ್ಲಿ ಡ್ರೋನ್ ನೆರವಿನಿಂದ ಸಿಕ್ಕವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಗಸ್ತು ಕೂಡ ಅರಿಜೋನಾದ 100 ಮೈಲಿ ಮತ್ತು ಟೆಕ್ಸಾಸ್‌ನ 70 ಮೈಲಿಯ ಸುತ್ತಲೇ ಕೇಂದ್ರೀಕೃತವಾಗಿತ್ತು. ಡ್ರೋನ್ ನಿಷ್ಪ್ರಯೋಜಕ ಎಂದು ಇದರಿಂದ ತೀರ್ಮಾನಿಸಲಾಗದು, ಏಕೆಂದರೆ ಬಂಧನಗಳ ಎಣಿಕೆಯಲ್ಲಿ ಕಾಣದ ಮಾಹಿತಿಯೂ ಅದರಿಂದ ದೊರೆಯುತ್ತದೆ. ಆದರೆ ಆ ಮಾಹಿತಿಯ ಬೆಲೆಯನ್ನು ಅಳೆಯುವ ಮಾನದಂಡವನ್ನು ಖರೀದಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕಿತ್ತು.

2024ರ ಅಕ್ಟೋಬರಿನಲ್ಲಿ ಭಾರತ ಇದೇ ವಂಶದ 31 ಎಂಕ್ಯು-9ಬಿ ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಅವುಗಳಲ್ಲಿ 15 ನೌಕಾಪಡೆಗೆ, ಉಳಿದವು ಭೂಸೇನೆ ಮತ್ತು ವಾಯುಪಡೆಗೆ. ಸಾಗರದ ಕಣ್ಗಾವಲಿಗೆ ದೀರ್ಘ ಹಾರಾಟದ ಡ್ರೋನ್ ಹೇಳಿಮಾಡಿಸಿದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಪಂಜಾಬ್ ಗಡಿಯ ಸಮಸ್ಯೆ ಮಾತ್ರ ಬೇರೆ. ಅಲ್ಲಿ ಬಿಎಸ್‌ಎಫ್ ಎದುರಿಸುತ್ತಿರುವುದು ಹೆರಾಯಿನ್ ಪೊಟ್ಟಣ ಹೊತ್ತು ರಾತ್ರಿ ಬಂದು ಬೀಳಿಸಿ ಹೋಗುವ ನಾಲ್ಕು ತಿರುಗುರೆಕ್ಕೆಯ ಸಣ್ಣ ಡ್ರೋನ್‌ಗಳಾದ ಕ್ವಾಡ್‌ಕಾಪ್ಟರ್‌ಗಳನ್ನು. ಅವುಗಳನ್ನು ತಡೆಯಲು ಬೇಕಾಗಿರುವುದು ಕೆಳಮಟ್ಟದ ಹಾರಾಟವನ್ನು ಹಿಡಿಯುವ ರಾಡಾರ್, ರೇಡಿಯೊ ಸಂಕೇತವನ್ನು ಕೆಡಿಸುವ ಜ್ಯಾಮರ್, ಮತ್ತು ಸದ್ದು ಕೇಳಿದ ಕೂಡಲೇ ಹೊಲಕ್ಕಿಳಿದು ಹುಡುಕುವಷ್ಟು ಹತ್ತಿರದಲ್ಲಿರುವ ಯೋಧರು.