ಕೋಡ್ ಬರೆದಾಯ್ತು, ಹಂಚೋದು ಹೇಗೆ?

ಹೊಸದಾಗಿ ಫೆಡೋರಾ ಎಂಬ ಲಿನಕ್ಸ್ ಹಾಕಿಕೊಂಡವರು ಎಚ್.265 ಎಂಬ ಬಗೆಯಲ್ಲಿ ಕುಗ್ಗಿಸಿಟ್ಟ ವಿಡಿಯೊ ತೆರೆದರೆ, ಅದನ್ನು ಬಿಚ್ಚುವ ಕೋಡೆಕ್ ಇಲ್ಲ ಎಂಬ ಸಂದೇಶ ಕಾಣುವುದುಂಟು. ಆ ಕೋಡೆಕ್‌ನ ಕೋಡ್ ಪುಕ್ಕಟೆ ಸಿಗುತ್ತದೆ. ಯಾರು ಬೇಕಾದರೂ ಓದಬಹುದು. ಮತ್ತೆ ಜೊತೆಗೇ ಯಾಕೆ ಕೊಡುವುದಿಲ್ಲ?

ಬೀಗ, ಪೇಟೆಂಟ್, ಪರವಾನಗಿ ಎಂಬ ಮೂರು ಬೇರೆ ಬೇರೆ ಗಂಟುಗಳಿವೆ. ಮೂರನ್ನೂ ಒಂದೇ ಎಂದುಕೊಂಡರೆ ಏನೂ ಅರ್ಥವಾಗುವುದಿಲ್ಲ.

ಬೀಗದ ಕಥೆ ಡಿವಿಡಿಯಿಂದ ಶುರು. ಡಿಸ್ಕ್‌ಗೆ ಸಿಎಸ್‌ಎಸ್ ಎಂಬ ಬೀಗ ಹಾಕಿ, ಹಣ ಕಟ್ಟಿ ಒಪ್ಪಂದ ಮಾಡಿಕೊಂಡ ಕಂಪನಿಗಳಿಗೆ ಮಾತ್ರ ಕೀಲಿ ಕೊಡುತ್ತಿದ್ದರು. ಕೋಡ್ ಬಯಲಿಗಿಡುವ ಪ್ಲೇಯರ್ ಕೀಲಿಯನ್ನು ಗುಟ್ಟಾಗಿಡುವುದಾದರೂ ಹೇಗೆ? 1999ರಲ್ಲಿ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಮ್ ಆ ಬೀಗ ತೆಗೆಯಿತು. ಅದರಲ್ಲಿ ಕೈಯಿದ್ದ ನಾರ್ವೆಯ ಹುಡುಗ ಯೋನ್ ಲೆಕ್ ಯೋಹಾನ್ಸೆನ್ ಮೇಲೆ ಕೇಸು ಬಿತ್ತು. 2003ರಲ್ಲಿ ಕೆಳಗಿನ ಕೋರ್ಟೂ ಮೇಲ್ಮನವಿ ಕೋರ್ಟೂ ಅವನನ್ನು ಬಿಟ್ಟವು. ಅಮೆರಿಕದಲ್ಲಿ ಆಗಿದ್ದು ಉಲ್ಟಾ. ಬೀಗ ತೆಗೆಯುವ ಸಾಧನ ಹಂಚುವುದೇ ತಪ್ಪು ಎನ್ನುವ ಡಿಎಂಸಿಎ ಕಾನೂನು ಅಲ್ಲಿ 1998ರಲ್ಲೇ ಬಂದಿತ್ತು. ಅದನ್ನು ಹಿಡಿದು ನ್ಯೂಯಾರ್ಕ್ ಕೋರ್ಟ್ 2000ರಲ್ಲಿ '2600' ಪತ್ರಿಕೆಗೆ, ಡಿಸಿಎಸ್‌ಎಸ್ ಹಾಕಬೇಡಿ, ಲಿಂಕ್ ಕೂಡ ಕೊಡಬೇಡಿ ಎಂದಿತು. ಡಿಸ್ಕ್‌ಗೆ ದುಡ್ಡು ಕೊಟ್ಟವರು ಅದನ್ನು ನೋಡುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೇ ಸುತ್ತುಬಳಸಿನ ದಾರಿಗಳು ಹುಟ್ಟಿದ್ದು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಡಿವಿಡಿ ಬೀಗ ತೆಗೆಯುವ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಕಟ್ಟು) ನೇರವಾಗಿ ಸಿಗುವುದಿಲ್ಲ. ಅಲ್ಲಿರುವ ಪ್ಯಾಕೇಜು ಸೋರ್ಸ್ ಕೋಡನ್ನು ಬೇರೆ ಕಡೆಯಿಂದ ತರಿಸಿ ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿಸುತ್ತದೆ, ಅಂದರೆ ಓಡುವ ಪ್ರೋಗ್ರಾಮ್ ಆಗಿಸುತ್ತದೆ. ಸಾಮಾನು ಕೊಟ್ಟವರು ನಾವಲ್ಲ, ವಿಳಾಸದ ಚೀಟಿ ಕೊಟ್ಟೆವು ಅಷ್ಟೇ ಎಂದ ಹಾಗೆ!

ಎಚ್.265ರಂಥ ಕೋಡೆಕ್‌ಗಳ ಹಿಂದಿನ ತಂತ್ರಕ್ಕೆ ಪೇಟೆಂಟ್ ಇದೆ. ಆದರೆ ಪೇಟೆಂಟ್ ವಿಷಯ ದೇಶಕ್ಕೊಂದು ಥರ. ಯುರೋಪಿನ ಪೇಟೆಂಟ್ ಒಪ್ಪಂದ ಬರೀ ಪ್ರೋಗ್ರಾಮಿಗೆ ಪೇಟೆಂಟ್ ಕೊಡುವುದಿಲ್ಲ. ಪ್ಯಾರಿಸ್‌ನ ವಿದ್ಯಾರ್ಥಿಗಳಿಂದ ಶುರುವಾದ ವಿಎಲ್‌ಸಿ ಪ್ಲೇಯರ್ ಬಹುತೇಕ ಎಲ್ಲ ಕೋಡೆಕ್‌ಗಳನ್ನೂ ಧೈರ್ಯವಾಗಿ ತುಂಬಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ಅಮೆರಿಕದ ಕಂಪನಿಯೊಂದರ ನೆರಳಿನಲ್ಲಿರುವ ಫೆಡೋರಾಗೆ ಆ ಧೈರ್ಯ ಸಾಲದು. 2013ರಲ್ಲಿ ಸಿಸ್ಕೊ ಕಂಪನಿ, ಎಚ್.265ಕ್ಕಿಂತ ಹಳೆಯ ಎಚ್.264ಕ್ಕೆ ಒಂದು ಉಪಾಯ ಮಾಡಿತು. ತಾನು ಕಂಪೈಲ್ ಮಾಡಿ ಕೊಡುವ ಪ್ರತಿಗೆ ಪೇಟೆಂಟ್ ಶುಲ್ಕ ತಾನೇ ಕಟ್ಟುತ್ತೇನೆ ಎಂದಿತು. ಅದೇ ಕೋಡನ್ನು ನೀವೇ ಕಂಪೈಲ್ ಮಾಡಿ ಹಂಚಿದರೆ ಆ ರಕ್ಷಣೆ ಇಲ್ಲ. ವಿಚಿತ್ರ ಅಲ್ವಾ?

ಇನ್ನು ಪರವಾನಗಿ. ಇದು ಒಳಮನೆಯ ಜಗಳ. ಆಪಲ್ ಆಪ್ ಸ್ಟೋರಿನ ಷರತ್ತಿಗೂ ವಿಎಲ್‌ಸಿಯ ಮುಕ್ತ ಪರವಾನಗಿಯಾದ ಜಿಪಿಎಲ್‌ಗೂ ಹೊಂದುವುದಿಲ್ಲ ಎಂಬ ತಕರಾರು ಎದ್ದು, 2011ರ ಶುರುವಿನಲ್ಲಿ ವಿಎಲ್‌ಸಿ ಅಲ್ಲಿಂದ ಹೊರಬಿತ್ತು. ಕೋಡ್ ಬರೆದವರನ್ನು ಒಬ್ಬೊಬ್ಬರಾಗಿ ಹುಡುಕಿ, ಒಪ್ಪಿಸಿ, ಪರವಾನಗಿ ಬದಲಿಸಿದ ಮೇಲೆ 2013ರಲ್ಲಿ ಮರಳಿತು.

ಎಷ್ಟೋ ಪ್ಲೇಯರ್‌ಗಳ ಹೊಟ್ಟೆಯಲ್ಲಿದ್ದು ವಿಡಿಯೊ ಬಿಚ್ಚುವ ಎಫ್‌ಎಫ್‌ಎಂಪೆಗ್ ಮಾತ್ರ ವಿಷಯವನ್ನು ಮುಚ್ಚಿಡುವುದಿಲ್ಲ. ಒಂದಕ್ಕೊಂದು ಹೊಂದದ ಪರವಾನಗಿಯ ಲೈಬ್ರರಿಗಳನ್ನು ಸೇರಿಸಿ ಕಂಪೈಲ್ ಮಾಡಲು ಹೊರಟರೆ ಅದು ಮೊದಲು ಬೇಡ ಅನ್ನುತ್ತದೆ. ಪರವಾಗಿಲ್ಲ, ಸೇರಿಸು ಎಂದು ನೀವೇ ಆಯ್ಕೆ ಕೊಟ್ಟರೆ, ಇದನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ ಎಂದು ಪರದೆಯ ಮೇಲೆ ಒಂದು ಸಾಲು ತೋರಿಸಿ ಮುಂದುವರಿಯುತ್ತದೆ.