ಹುಳವಿಲ್ಲದ ಹುಳುಕು ಹಲ್ಲು

"ಹಲ್ಲು ಹುಳ ತಿಂದಿದೆ" ಅನ್ನದ ಮನೆಯೇ ಇಲ್ಲ. ಹುಳ ತೆಗೆದು ತೋರಿಸುವವರೂ ಇದ್ದರು. ಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ ಬಾಯಿಗೆ ಹೊಗೆ ಕೊಡುತ್ತಿದ್ದರು. ಬಿಳಿ ಬಿಳಿ ಏನೋ ಉದುರಿದರೆ "ನೋಡಿ, ಹುಳ!" ಅದು ಬಿಸಿಗೆ ಸಿಡಿದ ಬೀಜದೊಳಗಿನ ಮೊಳಕೆ, ಅಷ್ಟೆ. ಯೂರೋಪಿನಲ್ಲೂ ಇದೇ ಆಟ ನಡೆದಿತ್ತು, ಬೀಜ ಮಾತ್ರ ಬೇರೆ. ಬ್ಯಾಬಿಲೋನಿನ ಮಣ್ಣಿನ ಫಲಕಗಳಲ್ಲೂ ಹಲ್ಲಿನ ಹುಳ ಬರುತ್ತದೆ. 18ನೇ ಶತಮಾನದಲ್ಲಿ ಫ್ರಾನ್ಸಿನ ಹಲ್ಲಿನ ವೈದ್ಯ ಪಿಯೆರ್ ಫೋಶಾರ್ ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೂ ಹುಳ ಸಿಗಲಿಲ್ಲ. ನಿಜವಾದ ಕಾರಣ ಸಿಕ್ಕಿದ್ದು ಆಮೇಲೆ, ಅದೂ ಹುಳವಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ಅಮೆರಿಕದ ದಂತವೈದ್ಯ ಡಬ್ಲ್ಯೂ. ಡಿ. ಮಿಲ್ಲರ್ ವಿವರಿಸಿದರು.

ಈ ಕರಗುವ ಆಟವೇ ನನಗೆ ಇಷ್ಟ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಸೋರುತ್ತವೆ. ಆಮೇಲೆ ಎಂಜಲು ಬಂದು ಅವನ್ನೇ ವಾಪಸ್ ತುಂಬುತ್ತದೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕದಂತೆ ಬರೆಯುವುದು, ತೀರಿಸುವುದು. ಅರ್ಧ ಗಂಟೆಗೊಮ್ಮೆ ಸಿಹಿ ಟೀ ಹೀರುತ್ತಿದ್ದರೆ ತೀರಿಸಲು ಪುರುಸೊತ್ತೇ ಇಲ್ಲ. ಸಾಲ ಬೆಳೆದರೂ ಹಲ್ಲು ಸುಮ್ನಿರುತ್ತದೆ, ಯಾಕೆಂದರೆ ಎನಾಮೆಲ್‌ಗೆ ನರವೇ ಇಲ್ಲ. ಗೆದ್ದಲು ಹಿಡಿದ ಬಾಗಿಲು ನೋಡಿದ್ದೀರಲ್ವಾ? ಹೊರಗಿನ ಬಣ್ಣ ಹಾಗೇ ಇರುತ್ತದೆ, ಬೆರಳಿಟ್ಟರೆ ಒಳಕ್ಕೆ ಹೋಗುತ್ತದೆ. ತಣ್ಣೀರಿಗೆ ಜುಂ ಅನ್ನುವ ಹೊತ್ತಿಗೆ ಹುಳುಕು ಎನಾಮೆಲ್‌ನ ಕೆಳಗಿನ ಪದರ ಡೆಂಟಿನ್ ಮುಟ್ಟಿರಬಹುದು. ರಾತ್ರಿಯೆಲ್ಲ ಸಿಡಿದರೆ ರೂಟ್ ಕೆನಾಲ್ ಮಾತು.

ಮೊದಲ ಗುರುತು ಸುಣ್ಣದಂಥ ಬಿಳಿ ಮಚ್ಚೆ. ಆ ಹಂತದಲ್ಲಿ ಫ್ಲೋರೈಡ್ ಹಚ್ಚಿ ವಾಪಸ್ ತರಬಹುದು, ಕೊರೆಯಬೇಕಿಲ್ಲ. ಕನ್ನಡಿಯಲ್ಲಿ ನಮಗೆ ಕಾಣುವುದು ಕಷ್ಟ. ಎರಡು ಹಲ್ಲಿನ ಸಂದಿಯದ್ದು ಡಾಕ್ಟರ ಕಣ್ಣಿಗೂ ಎಷ್ಟೋ ಸಲ ಎಕ್ಸ್‌ರೇಯಲ್ಲೇ ಸಿಗುವುದು. ನೋವಿಲ್ಲದಾಗ ಹೋಗಿ ಅನ್ನುವುದು ಇದಕ್ಕೇ.

"ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ" ಅನ್ನುವವರಿಗೆ ಒಂದು ಮಾತು. ಗಾರೆಯಂತೆ ಗಟ್ಟಿಯಾದ ಪಾಚಿ ಒಸಡನ್ನು ಆಗಲೇ ಹಾಳುಮಾಡಿ ಹಲ್ಲನ್ನು ಸಡಿಲಿಸಿರುತ್ತದೆ. ಪಾಚಿ ತೆಗೆದಾಗ ಅದು ಬಯಲಾಗುತ್ತದೆ, ಬೈಗುಳ ಡಾಕ್ಟರಿಗೆ.

ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿ ಅನ್ನುವುದೂ ಕಲ್ಲಿನ ಮೇಲೆ ಬರೆದದ್ದಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ (NICE) ಸಂಸ್ಥೆ ದೊಡ್ಡವರಿಗೆ ಅವರವರ ಬಾಯಿ ನೋಡಿ 3 ತಿಂಗಳಿಂದ 2 ವರ್ಷದವರೆಗೆ ಅಂತರ ಹೇಳುತ್ತದೆ. ನನ್ನ ಡಾಕ್ಟರು ನನಗೆ ಕೊಟ್ಟಿರುವುದು ನಾಲ್ಕು ತಿಂಗಳು. ಕಾರಣ ಕೇಳಲಿಲ್ಲ, ದಿನಕ್ಕೆ ಐದು ಕಾಫಿ ಅಂತ ನಾನೇ ಹೇಳಿದ್ದೆ.