ಶ್ರವಣ ಮತ್ತು ಚಲನೆಯ ನಂಟು: ಒಂದು ಅಧ್ಯಯನ ಟಿಪ್ಪಣಿ

ಸಮ ಅಂತರದಲ್ಲಿ ಟಕ್ ಟಕ್ ಸದ್ದು ಮಾಡುವ ಮೆಟ್ರೊನೋಮ್‌ನ ಬಡಿತಕ್ಕೆ ಸರಿಯಾಗಿ ಬೆರಳಿನಿಂದ ಮೇಜು ತಟ್ಟುವ ಸರಳ ಪ್ರಯೋಗದಿಂದಲೇ ಈ ವಿಷಯವನ್ನು ಆರಂಭಿಸುವುದು ಒಳ್ಳೆಯದು. ಅನಿರೀಕ್ಷಿತವಾಗಿ ಕೇಳಿದ ಸದ್ದಿಗೆ ಬೆರಳು ಅಲುಗಲು ಸುಮಾರು 150 ಮಿಲಿಸೆಕೆಂಡ್ ಬೇಕಾಗುತ್ತದೆ. ಆದ್ದರಿಂದ ಪ್ರತಿ ಬಡಿತವನ್ನೂ ಕೇಳಿದ ಮೇಲೆಯೇ ನಾವು ತಟ್ಟುವುದಾಗಿದ್ದರೆ, ಬೆರಳು ಪ್ರತಿ ಸಲವೂ ಅಷ್ಟು ಹಿಂದೆ ಬೀಳಬೇಕಿತ್ತು. ಆದರೆ ಹೆಚ್ಚಿನವರ ಬೆರಳು, ಅದರಲ್ಲೂ ಸಂಗೀತಾಭ್ಯಾಸವಿಲ್ಲದವರ ಬೆರಳು, ಬಡಿತಕ್ಕಿಂತ ಹತ್ತಾರು ಮಿಲಿಸೆಕೆಂಡ್ ಮೊದಲೇ ಮೇಜನ್ನು ಮುಟ್ಟಿರುತ್ತದೆ. ಮುಂದಿನ ಸದ್ದು ಯಾವಾಗ ಬರುತ್ತದೆಂದು ಮಿದುಳು ಮೊದಲೇ ಅಂದಾಜು ಮಾಡಿ, ಸ್ನಾಯುಗಳಿಗೆ ಮುಂಚಿತವಾಗಿ ಆಜ್ಞೆ ಕಳುಹಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಕಂಡಿಲ್ಲ.

ಸದ್ದಿನ ದಾರಿಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಒಳಕಿವಿಯ ಸುರುಳಿಯಾದ ಕಾಕ್ಲಿಯಾದ ರೋಮಕೋಶಗಳಲ್ಲಿ ಹುಟ್ಟಿದ ಸಂಕೇತವು ಶ್ರವಣ ನರ, ಮಿದುಳಕಾಂಡ ಹಾಗೂ ಥಲಾಮಸ್‌ (ಮಿದುಳಿನ ನಡುವಿರುವ, ಸಂಕೇತಗಳನ್ನು ಮುಂದೆ ಸಾಗಿಸುವ ಭಾಗ) ಗಳನ್ನು ದಾಟಿ ಶ್ರವಣ ಕಾರ್ಟೆಕ್ಸನ್ನು, ಅಂದರೆ ಮಿದುಳಿನ ಹೊರಪದರದಲ್ಲಿ ಸದ್ದನ್ನು ಗ್ರಹಿಸುವ ಭಾಗವನ್ನು, ಸೇರುತ್ತದೆ. ಅಲ್ಲಿಂದ ಮುಂದಿನ ಸಂಸ್ಕರಣೆಯನ್ನು ಎರಡು ಹರಿವುಗಳಾಗಿ ವಿವರಿಸುವುದು ರೂಢಿ. ಮಾತಿನ ಮಟ್ಟಿಗೆ ಇದನ್ನು ವಿಜ್ಞಾನಿಗಳಾದ ಗ್ರೆಗರಿ ಹಿಕಾಕ್ ಮತ್ತು ಡೇವಿಡ್ ಪೋಪೆಲ್ 2007ರ ಲೇಖನದಲ್ಲಿ ವಿಸ್ತಾರವಾಗಿ ಮಂಡಿಸಿದ್ದಾರೆ. ಕೆಳಗಿನ ಹರಿವು ಕೇಳಿದ್ದರ ಅರ್ಥವನ್ನು ಗ್ರಹಿಸಲು ನೆರವಾದರೆ, ಮೇಲಿನ ಹರಿವು ಮಿದುಳಿನ ಟೆಂಪೊರಲ್ (ಕಿವಿಯ ಪಕ್ಕದ) ಮತ್ತು ಪರೈಟಲ್ (ನೆತ್ತಿಯ ಹಿಂಬದಿಯ) ಭಾಗಗಳು ಕೂಡುವ ಪ್ರದೇಶದ ಮೂಲಕ, ಚಲನೆಯನ್ನು ಯೋಜಿಸುವ ಪ್ರಿಮೋಟಾರ್ ಕಾರ್ಟೆಕ್ಸ್‌ನತ್ತ ಸಾಗುತ್ತದೆ. ಲಯಬದ್ಧ ಬಡಿತವನ್ನು ಅಲುಗಾಡದೆ ಮಲಗಿ ಕೇಳುವವರಲ್ಲಿಯೂ ಪ್ರಿಮೋಟಾರ್ ಪ್ರದೇಶ, ಬೇಸಲ್ ಗ್ಯಾಂಗ್ಲಿಯಾ (ಚಲನೆಯನ್ನು ನಿಯಂತ್ರಿಸುವ, ಮಿದುಳಿನ ಆಳದ ನರಕೋಶಗಳ ಗುಂಪುಗಳು) ಮತ್ತು ಸೆರೆಬೆಲ್ಲಮ್ (ಹಿಂಭಾಗದ ಕಿರುಮಿದುಳು) ಸಕ್ರಿಯವಾಗುವುದನ್ನು ಮಿದುಳಿನ ಚಿತ್ರಣಗಳು ತೋರಿಸಿವೆ. (ಹಠಾತ್ ಸದ್ದಿಗೆ ಬೆಚ್ಚಿಬೀಳುವುದು ಬೇರೆಯೇ ಸಂಗತಿ, ಅದು ಮಿದುಳಕಾಂಡದಲ್ಲೇ ಮುಗಿಯುವ ಪ್ರತಿವರ್ತನೆ.)

ಈ ದಾರಿಯಲ್ಲಿ ಸಂಕೇತಗಳು ಹಿಮ್ಮುಖವಾಗಿಯೂ ಚಲಿಸುತ್ತವೆ. ನಾವು ಮಾತನಾಡುವಾಗ ಚಲನೆಯ ಆಜ್ಞೆಯ ಒಂದು ಪ್ರತಿ ಶ್ರವಣ ಕಾರ್ಟೆಕ್ಸ್‌ಗೂ ತಲುಪುವುದರಿಂದ, ಯಾವ ಧ್ವನಿ ಕೇಳಿಸಲಿದೆ ಎಂಬ ನಿರೀಕ್ಷೆ ಅಲ್ಲಿ ಸಿದ್ಧವಾಗಿರುತ್ತದೆ; ಹೀಗಾಗಿ ಸ್ವಂತ ಧ್ವನಿಗೆ ಅದರ ಪ್ರತಿಕ್ರಿಯೆ ತಗ್ಗಿರುತ್ತದೆ. ನಿರೀಕ್ಷೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸಂಶೋಧಕ ಬರ್ನಾರ್ಡ್ ಲೀ 1950ರಲ್ಲಿ ವರದಿ ಮಾಡಿದರು. ಸ್ವಂತ ಮಾತನ್ನು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿಸಿದಾಗ ಮಾತು ನಿಧಾನವಾಗುತ್ತದೆ, ಅಕ್ಷರಗಳು ಮರುಕಳಿಸುತ್ತವೆ, ಉಗ್ಗು ಬಂದಂತಾಗುತ್ತದೆ. ಇಲ್ಲಿ ಕಲಿಯುವವರು ಎಡವುವುದುಂಟು: ಮಾತನಾಡಲು ಸ್ವಂತ ಧ್ವನಿ ಕೇಳಿಸಲೇಬೇಕು ಎಂದು ಇದರಿಂದ ತೀರ್ಮಾನಿಸಬಾರದು. ಗದ್ದಲದಲ್ಲಿ ಧ್ವನಿ ಮುಚ್ಚಿಹೋದರೂ ನಾವು ದನಿ ಏರಿಸಿ ಮಾತು ಮುಂದುವರಿಸುತ್ತೇವೆ. ಮಾತನ್ನು ಕೆಡಿಸುವುದು ಸದ್ದಿನ ಅಭಾವಕ್ಕಿಂತ ಹೆಚ್ಚಾಗಿ, ನಿರೀಕ್ಷೆಗೂ ಕೇಳಿದ್ದಕ್ಕೂ ನಡುವಿನ ಹೊಂದಾಣಿಕೆಯ ಕೊರತೆ.

ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯಲ್ಲಿ ಈ ತಿಳಿವು ನೇರವಾಗಿ ಬಳಕೆಯಾಗುತ್ತದೆ. ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕವಾದ ಡೋಪಮೈನ್ ಕುಂದಿ ಬೇಸಲ್ ಗ್ಯಾಂಗ್ಲಿಯಾದ ಕೆಲಸ ಏರುಪೇರಾದಾಗ ಒಳಗಿನ ಕಾಲಗಣನೆಯೂ ದುರ್ಬಲವಾಗಿ ಹೆಜ್ಜೆಗಳು ಚಿಕ್ಕದಾಗುತ್ತವೆ. ಹೊರಗಿನಿಂದ ಸಮ ಲಯದ ಬಡಿತವನ್ನು ಕೇಳಿಸಿದರೆ ಅನೇಕ ರೋಗಿಗಳ ಹೆಜ್ಜೆ ಉದ್ದವಾಗಿ, ನಡಿಗೆ ಚುರುಕಾಗುತ್ತದೆ. ಬಡಿತವನ್ನು ಮೊದಲು ರೋಗಿಯ ಸಹಜ ನಡಿಗೆಯ ವೇಗಕ್ಕೇ ಹೊಂದಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾರೆ. ಮುಂದಿನ ಬಡಿತ ಎಲ್ಲಿ ಬೀಳುತ್ತದೆಂದು ಮಿದುಳಿಗೆ ಮೊದಲೇ ತಿಳಿದಿದ್ದರೆ ಮಾತ್ರ ಪಾದ ಅದಕ್ಕೆ ಸರಿಯಾಗಿ ನೆಲ ಮುಟ್ಟಲು ಸಾಧ್ಯ.